ಮಿಕ್ಸರಿನ ಹಿಂಭಾಗದಲ್ಲಿ ನಡೆಯೋ ಕೆಲಸ

ಮೈಕು, ಪ್ಲೇಯರ್ ಇಂಥ ಬೇರೆ ಬೇರೆ ಕಡೆಯ ಸೌಂಡನ್ನ ಸೇರಿಸಿ ಸ್ಪೀಕರ್ ಕಡೆ ಕಳಿಸೋ ಬಾಕ್ಸಿಗೆ ಮಿಕ್ಸರ್ ಅಂತಾರೆ. ಸ್ಟೇಜ್ ಪ್ರೋಗ್ರಾಮಿನಲ್ಲಿ ಇಡೋ ಮಿಕ್ಸರ್‌ಗೂ, ಕಾನ್ಫರೆನ್ಸ್ ಹಾಲು, ಶೋರೂಮು, ಜಿಮ್ಮು, ಆಸ್ಪತ್ರೆ ವೇಟಿಂಗ್ ಏರಿಯಾ ಇಂಥ ಕಡೆ, ಸಾಮಾನುಗಳನ್ನ ಸ್ಕ್ರೂ ಹಾಕಿ ಕೂರಿಸೋ ಕಬ್ಬಿಣದ ಚೌಕಟ್ಟು ಅಂದ್ರೆ ರ‍್ಯಾಕಿನೊಳಗೆ ಕೂತಿರೋ ಮಿಕ್ಸರ್‌ಗೂ ನನ್ನ ಪ್ರಕಾರ ಒಂದೇ ಒಂದು ದೊಡ್ಡ ವ್ಯತ್ಯಾಸ. ಸ್ಟೇಜ್ ಮಿಕ್ಸರ್ ಮುಂದೆ ಒಬ್ರು ಕೂತಿರ್ತಾರೆ. ಮಾತಾಡೋರು ಮೈಕಿಂದ ದೂರ ಸರಿದ್ರೆ ಫೇಡರ್ ಅನ್ನೋ ಜಾರೋ ನಾಬನ್ನ ಏರಿಸ್ತಾರೆ, ಮೈಕ್ ಕೂಗೋಕೆ ಶುರು ಮಾಡಿದ್ರೆ ತಕ್ಷಣ ಇಳಿಸ್ತಾರೆ, ಹಾಡು ಮುಗಿದು ಅನೌನ್ಸ್‌ಮೆಂಟ್ ಬರೋವಾಗ ಒಂದನ್ನ ತಗ್ಗಿಸಿ ಇನ್ನೊಂದನ್ನ ಎತ್ತುತಾರೆ. ರ‍್ಯಾಕ್ ಮಿಕ್ಸರ್ ಮುಂದೆ ಯಾರೂ ಇರಲ್ಲ. ರ‍್ಯಾಕಿನ ಬಾಗಿಲಿಗೆ ಬೀಗ ಬೇರೆ ಹಾಕಿರ್ತಾರೆ. ಅಂದ್ಮೇಲೆ ಅಲ್ಲಿ ಕೂತಿರಬೇಕಾದ ವ್ಯಕ್ತಿ ಮಾಡೋ ಎಲ್ಲಾ ನಿರ್ಧಾರಗಳನ್ನೂ ಇನ್‌ಸ್ಟಾಲ್ ಮಾಡೋರು ಮುಂಚೆನೇ ಮಾಡಿ, ವೈರಲ್ಲಿ, ಟ್ರಿಮ್ ಅನ್ನೋ ಪುಟ್ಟ ಲೆವೆಲ್ ನಾಬಲ್ಲಿ, ಸಣ್ಣ ಸಣ್ಣ ಸ್ವಿಚ್ಚುಗಳಲ್ಲಿ ಕೂರಿಸಿ ಹೋಗಿರಬೇಕು. ಈ ಕೆಲಸವನ್ನ ಬರೀ ‘ಕನೆಕ್ಷನ್ ಕೊಡೋದು’ ಅಂತ ಕರೆದು ಮುಗಿಸಿಬಿಡ್ತಾರಲ್ಲ, ಅದು ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ. ಸೌಂಡ್ ಚೆನ್ನಾಗಿ ಬರತ್ತೋ ಇಲ್ವೋ ಅನ್ನೋದು ಮುಂದಿನ ನಾಬ್‌ಗಳಿಗಿಂತ ಜಾಸ್ತಿ ಹಿಂದಿನ ಪ್ಯಾನಲ್ಲಲ್ಲಿ ತೀರ್ಮಾನ ಆಗಿರತ್ತೆ, ಅದರ ಬಗ್ಗೆನೇ ಇವತ್ತು ಸ್ವಲ್ಪ ಉದ್ದವಾಗಿ ಬರೀತಿದೀನಿ.

ಸ್ಕ್ರೂಡ್ರೈವರ್ ಕೈಗೆ ತಗೊಳ್ಳೋ ಮುಂಚೆ ಒಂದು ಹಾಳೆ ಬೇಕು. ಏನೇನು ಒಳಗೆ ಬರತ್ತೆ, ಏನೇನು ಹೊರಗೆ ಹೋಗತ್ತೆ, ಯಾವುದು ಯಾವುದನ್ನ ಅದುಮಬೇಕು. ರಿಸೆಪ್ಶನ್ನಿನ ಪೇಜಿಂಗ್ ಮೈಕ್, ಪೋಡಿಯಂ ಮೈಕ್, ವೈರ್‌ಲೆಸ್ ರಿಸೀವರ್, ಮ್ಯೂಸಿಕ್ ಪ್ಲೇಯರ್, ಯಾರಾದ್ರೂ ಲ್ಯಾಪ್‌ಟಾಪ್ ತಂದು ಚುಚ್ಚೋಕೆ ಅಂತ ಗೋಡೆ ಮೇಲೊಂದು ಸಾಕೆಟ್. ಇಷ್ಟನ್ನ ಬರೆದುಕೊಂಡು ಪ್ರತಿಯೊಂದರ ಪಕ್ಕ ಲೆವೆಲ್ (ಸಿಗ್ನಲ್ಲಿನ ವೋಲ್ಟೇಜ್) ಎಷ್ಟು, ಬ್ಯಾಲೆನ್ಸ್ಡಾ (ಸಿಗ್ನಲ್ಲಿಗೆ ಎರಡು ವೈರು, ಸುತ್ತ ಶೀಲ್ಡ್ ಅನ್ನೋ ಲೋಹದ ಹೊದಿಕೆ) ಅನ್‌ಬ್ಯಾಲೆನ್ಸ್ಡಾ (ಒಂದೇ ವೈರು, ಶೀಲ್ಡೇ ವಾಪಸ್ ದಾರಿ), ಫ್ಯಾಂಟಮ್ (ಮೈಕಿಗೆ ಅದರ ಕೇಬಲ್ಲಲ್ಲೇ ಕಳಿಸೋ ಪವರ್) ಬೇಕಾ ಬೇಡ್ವಾ ಅಂತ ಹಾಕಿದ್ರೆ ಅರ್ಧ ಕೆಲಸ ಮೇಜಿನ ಮೇಲೇ ಆಗೋಗತ್ತೆ. ಈ ಹಾಳೆ ಇಲ್ಲದೇ ಶುರು ಮಾಡಿದ ರ‍್ಯಾಕುಗಳನ್ನ ನೋಡಿದ ತಕ್ಷಣ ಗೊತ್ತಾಗತ್ತೆ, ಎಲ್ಲಿ ಜಾಗ ಸಿಕ್ತೋ ಅಲ್ಲಿಗೆ ವೈರ್ ಹೋಗಿರತ್ತೆ, ಮ್ಯೂಸಿಕ್ ಪ್ಲೇಯರ್ ಬಂದು ಮೈಕ್ ಜಾಗದಲ್ಲಿ ಕೂತಿರತ್ತೆ.

ರ‍್ಯಾಕಿನ ಲೆಕ್ಕ ಸುಲಭ. ಮುಂದಿನ ಪ್ಯಾನಲ್ಲಿನ ಅಗಲ 19 ಇಂಚು ಅಂದ್ರೆ 482.6 ಮಿಲಿಮೀಟರ್, ಎತ್ತರವನ್ನ ಯು ಲೆಕ್ಕದಲ್ಲಿ ಹೇಳ್ತಾರೆ, 1 ಯು ಅಂದ್ರೆ 1.75 ಇಂಚು, 44.45 ಮಿಲಿಮೀಟರ್. ಒಂದು ಯು ಒಳಗೆ ಮೂರು ತೂತು ಇರತ್ತೆ ಆದ್ರೆ ಅವು ಸಮಾನ ಅಂತರದಲ್ಲಿ ಇರಲ್ಲ. ಯು ಶುರುವಾಗೋ ಗೆರೆ ಯಾವುದು ಅಂತ ನೋಡ್ದೇ ಒಂದು ತೂತು ಮೇಲೆ ಕೆಳಗೆ ಮಾಡಿ ಕೂರಿಸಿದ್ರೆ ಮುಂದಿನ ಬಾಕ್ಸುಗಳು ಯಾವುದೂ ಸರಿಯಾಗಿ ಕೂರಲ್ಲ. ಭಾರದ ಆಂಪ್ಲಿಫೈಯರ್‌ಗಳು ಕೆಳಗೆ, ಮಿಕ್ಸರ್ ನಿಂತು ನೋಡಿದ್ರೆ ಕಣ್ಣಿಗೆ ಸಿಗೋ ಎತ್ತರದಲ್ಲಿ. ಮುಂದಿನ ನಾಲ್ಕು ಸ್ಕ್ರೂ ಮೇಲೇ ಪೂರ್ತಿ ಭಾರ ಬಿಟ್ರೆ ಆಳ ಜಾಸ್ತಿ ಇರೋ ಬಾಕ್ಸಿನ ಕಿವಿ ನಿಧಾನಕ್ಕೆ ಬಾಗತ್ತೆ, ಅದಕ್ಕೆ ಹಿಂದುಗಡೆ ಒಂದು ಸಪೋರ್ಟ್ ಕಂಬಿನೋ ಶೆಲ್ಫೋ ಬೇಕು. ಬಿಸಿ ಗಾಳಿ ಮೇಲಕ್ಕೆ ಹೋಗತ್ತೆ ಅಂತ ಎಲ್ಲರಿಗೂ ಗೊತ್ತು, ಆದ್ರೂ ಆಂಪಿನ ನೆತ್ತಿ ಮೇಲೇ ಮಿಕ್ಸರ್ ಅಂಟಿಸಿಬಿಡ್ತಾರೆ. ಮಧ್ಯ ಒಂದು ಯು ವೆಂಟ್ ಪ್ಯಾನಲ್ ಬಿಟ್ರೆ ಸಾಕು, ಮಿಕ್ಸರೊಳಗಿನ ಕೆಪಾಸಿಟರ್‌ಗಳು ಎಷ್ಟೋ ವರ್ಷ ಹೆಚ್ಚು ಬಾಳತ್ತೆ.

ಇನ್ನೊಂದು ವಿಷಯ, ರ‍್ಯಾಕಿನ ಒಂದು ಪಕ್ಕದಲ್ಲಿ ಕರೆಂಟಿನ ವೈರ್‌ಗಳು ಇಳಿಯಲಿ, ಇನ್ನೊಂದು ಪಕ್ಕದಲ್ಲಿ ಮೈಕ್ ಮತ್ತು ಲೈನ್ ವೈರ್‌ಗಳು. ಸ್ಪೀಕರ್ ವೈರ್‌ಗೂ ಮೈಕ್ ವೈರ್‌ಗೂ ಒಂದೇ ಟೈ ಹಾಕಿ ಬಿಗಿದು ನೀಟಾಗಿ ಕಾಣೋ ಹಾಗೆ ಮಾಡ್ತಾರಲ್ಲ, ಆ ನೀಟುತನ ನಮಗೆ ಬೇಡ. ಮೈಕಿಂದ ಬರೋದು ಒಂದೆರಡು ಮಿಲಿವೋಲ್ಟ್, ಪಕ್ಕದ ಸ್ಪೀಕರ್ ಲೈನಲ್ಲಿ ಓಡೋದು ನೂರು ವೋಲ್ಟ್‌ವರೆಗೂ ಹೋಗೋ ಅದೇ ಸೌಂಡು. ಎರಡೂ ಮೀಟರುಗಟ್ಟಲೆ ಮೈಗೆ ಮೈ ತಾಗಿಸಿಕೊಂಡು ಹೋದ್ರೆ ಔಟ್‌ಪುಟ್ ಸ್ವಲ್ಪ ಸ್ವಲ್ಪವೇ ಇನ್‌ಪುಟ್ಟಿಗೆ ವಾಪಸ್ ಸೋರತ್ತೆ, ಮೈಕು ಸ್ಪೀಕರಿಂದ ಎಷ್ಟೇ ದೂರ ಇದ್ರೂ ಸಿಸ್ಟಮ್ ಕೂಗೋಕೆ ಶುರು ಮಾಡತ್ತೆ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ. ದಾಟಲೇಬೇಕು ಅಂದ್ರೆ ಅಡ್ಡಡ್ಡ, ಪ್ಲಸ್ ಗುರುತಿನ ಹಾಗೆ ದಾಟಿಸೋದು.

ಈಗ ಲೆವೆಲ್. ಇದನ್ನ ಸರಿಯಾಗಿ ಅರ್ಥ ಮಾಡ್ಕೊಂಡ್ರೆ ಉಳಿದದ್ದೆಲ್ಲ ತಾನೇ ಅರ್ಥ ಆಗ್ತಾ ಹೋಗತ್ತೆ ಅನ್ನೋದು ನನ್ನ ಅನುಭವ. ಲೆವೆಲನ್ನ ಡೆಸಿಬೆಲ್ ಅಂದ್ರೆ ಡಿಬಿಯಲ್ಲಿ, ಒಂದು ಗೊತ್ತಾದ ವೋಲ್ಟೇಜಿಗೆ ಹೋಲಿಸಿ ಹೇಳ್ತಾರೆ. ಮೈಕ್ ಲೆವೆಲ್ ಅಂದ್ರೆ ಸುಮಾರು ಮೈನಸ್ 60ರಿಂದ ಮೈನಸ್ 40 ಡಿಬಿಯು. ಬಾಕ್ಸಿಂದ ಬಾಕ್ಸಿಗೆ ಹೋಗೋ ಸಿಗ್ನಲ್ಲಿಗೆ ಲೈನ್ ಲೆವೆಲ್ ಅಂತಾರೆ, ಪ್ರೊಫೆಷನಲ್ ಲೈನ್ ಲೆವೆಲ್ ಪ್ಲಸ್ 4 ಡಿಬಿಯು, ಅಂದ್ರೆ 1.23 ವೋಲ್ಟ್. ಮನೆಬಳಕೆಯ ಪ್ಲೇಯರ್‌ಗಳ ಆರ್‌ಸಿಎ ಪಿನ್ನಿಂದ ಬರೋದು ಮೈನಸ್ 10 ಡಿಬಿವಿ, ಅಂದ್ರೆ 0.316 ವೋಲ್ಟ್. ಡಿಬಿಯು ಬೇರೆ ಡಿಬಿವಿ ಬೇರೆ, ಒಂದಕ್ಕೆ ಸೊನ್ನೆ ಅಂದ್ರೆ 0.775 ವೋಲ್ಟ್, ಇನ್ನೊಂದಕ್ಕೆ 1 ವೋಲ್ಟ್, ಹಂಗಾಗಿ ಈ ಎರಡು ಲೈನ್ ಲೆವೆಲ್‌ಗಳ ಮಧ್ಯದ ವ್ಯತ್ಯಾಸ 14 ಅಲ್ಲ, ಹತ್ತಿರ ಹತ್ತಿರ 12 ಡಿಬಿ. ಪ್ಲಸ್ 4 ಕೊಡೋ ಬಾಕ್ಸನ್ನ ತಂದು ಮೈಕ್ ಇನ್‌ಪುಟ್ಟಿಗೆ ಕೊಟ್ರೆ ಗೇನ್ (ಸಿಗ್ನಲ್ ಎಷ್ಟು ಹಿಗ್ಗಿಸಬೇಕು ಅನ್ನೋ ನಾಬ್) ಸೊನ್ನೆಗೆ ಇಳಿಸಿದ್ರೂ ಒಡೆದ ಸೌಂಡು. ಮೈಕನ್ನ ಲೈನ್ ಇನ್‌ಪುಟ್ಟಿಗೆ ಕೊಟ್ರೆ ಗೇನ್ ಪೂರ್ತಿ ತಿರುಗಿಸಿದ್ರೂ ಮಾತಿಗಿಂತ ಬುಸ್ ಅನ್ನೋ ಶಬ್ದನೇ ಮುಂದೆ. ಕಮರ್ಷಿಯಲ್ ಮಿಕ್ಸರ್‌ಗಳಲ್ಲಿ ಎಷ್ಟೋ ಸಲ ಒಂದೇ ಇನ್‌ಪುಟ್ಟಿಗೆ ಮೈಕ್/ಲೈನ್ ಅಂತ ಒಂದು ಪುಟ್ಟ ಸ್ವಿಚ್ಚು ಹಿಂದುಗಡೆ ಇರತ್ತೆ, ರ‍್ಯಾಕಿಗೆ ಸೇರಿಸಿದ ಮೇಲೆ ಅದು ಕೈಗೆ ಸಿಗಲ್ಲ. ಅದಕ್ಕೆ ಮಿಕ್ಸರ್ ಇನ್ನೂ ಮೇಜಿನ ಮೇಲೆ ಇರೋವಾಗಲೇ ಹಾಳೆ ನೋಡಿಕೊಂಡು ಅವೆಲ್ಲ ಸೆಟ್ ಮಾಡಿಬಿಡಬೇಕು.

ವೈರ್ ತುದಿಯ ಕೆಲಸಕ್ಕೆ ಬರೋಣ, ನನಗೆ ಅತ್ಯಂತ ಇಷ್ಟದ ಭಾಗ ಇದು. ರ‍್ಯಾಕ್ ಮಿಕ್ಸರ್‌ಗಳ ಹಿಂದೆ ಎಕ್ಸ್‌ಎಲ್‌ಆರ್ ಅನ್ನೋ ದುಂಡನೆ ಮೂರು ಪಿನ್ನಿನ ಮೈಕ್ ಕನೆಕ್ಟರ್‌ಗಿಂತ ಜಾಸ್ತಿ ಕಾಣೋದು ಯೂರೋಬ್ಲಾಕ್, ಕೆಲವರು ಫೀನಿಕ್ಸ್ ಕನೆಕ್ಟರ್ ಅಂತಾರೆ, ಸ್ಕ್ರೂ ಇರೋ ಹಸಿರು ಇಲ್ಲ ಕಪ್ಪು ಬಣ್ಣದ ಪ್ಲಗ್ಗು. ಪ್ಲಸ್, ಮೈನಸ್, ಗ್ರೌಂಡ್ ಅಂತ ಮೂರು ಕಂಡಿ. ಎಕ್ಸ್‌ಎಲ್‌ಆರ್‌ನಲ್ಲಿ ಪಿನ್ 1 ಶೀಲ್ಡ್, ಪಿನ್ 2 ಹಾಟ್, ಪಿನ್ 3 ಕೋಲ್ಡ್, ಇಲ್ಲಿ ಪಿನ್ 2 ಪ್ಲಸ್ಸಿಗೆ, ಪಿನ್ 3 ಮೈನಸ್ಸಿಗೆ ಬರತ್ತೆ. ಕೇಬಲ್ಲಿನ ಹೊರಗಿನ ಸಿಪ್ಪೆಯನ್ನ ಎರಡು ಮೂರು ಸೆಂಟಿಮೀಟರ್ ಸುಲಿದ್ರೆ ಒಳಗೆ ಫಾಯಿಲ್, ಅದರ ಜೊತೆ ಬರಿಮೈ ಡ್ರೈನ್ ವೈರ್ (ಶೀಲ್ಡಿನ ಕನೆಕ್ಷನ್ ಇದೇ), ಎರಡು ಬಣ್ಣದ ಒಳಗಿನ ವೈರ್. ಫಾಯಿಲನ್ನ ಬುಡದವರೆಗೂ ಹರಿದು ತೆಗೀಬೇಕು, ಒಂದು ಚೂರು ಉಳಿದ್ರೂ ಪಕ್ಕದ ಕಂಡಿಗೆ ತಾಗಿ ಶಾರ್ಟ್ ಮಾಡತ್ತೆ, ಅದೂ ಯಾವಾಗ್ಲೂ ಮಾಡಲ್ಲ, ಬಾಗಿಲು ಹಾಕಿದಾಗ ಮಾತ್ರ ಮಾಡತ್ತೆ, ಅದನ್ನ ಹುಡುಕೋ ಸಂಕಟ ಯಾರಿಗೂ ಬೇಡ. ಡ್ರೈನ್ ವೈರಿಗೆ ಒಂದು ತೆಳ್ಳನೆ ಸ್ಲೀವ್ ಏರಿಸಬೇಕು. ಒಳಗಿನ ವೈರುಗಳನ್ನ 6-7 ಮಿಲಿಮೀಟರ್ ಸುಲಿದು, ಎಳೆಗಳನ್ನ ಅವು ಮೊದಲೇ ತಿರುಗಿರೋ ದಿಕ್ಕಿಗೇ ಬೆರಳಲ್ಲಿ ಹೊಸೆದು, ಫೆರೂಲ್ ಅನ್ನೋ ಸಣ್ಣ ಲೋಹದ ಕೊಳವೆ ಹಾಕಿ ಅದುಮಿ, ಕಂಡಿಯೊಳಗೆ ಬಿಟ್ಟು ಸ್ಕ್ರೂ ಬಿಗಿಯೋದು. ಬಿಗಿದ ಮೇಲೆ ಮೆಲ್ಲಗೆ ಎಳೆದು ನೋಡಬೇಕು, ಒಂದೊಂದನ್ನೂ. ಕೆಲವೊಮ್ಮೆ ವೈರು ಕ್ಲ್ಯಾಂಪಿನ ಒಳಗೆ ಹೋಗದೆ ಅದರ ಕೆಳಗೆ ಹೋಗಿರತ್ತೆ, ಸ್ಕ್ರೂ ಪೂರ್ತಿ ಬಿಗಿಯಾಗಿರತ್ತೆ, ವೈರು ಮಾತ್ರ ಸಡಿಲವಾಗಿ ಕೈಗೆ ಬರತ್ತೆ.

ಫೆರೂಲ್ ಬದಲು ತುದಿಗೆ ಬೆಸುಗೆ ಹಾಕಿ ಗಟ್ಟಿ ಮಾಡಿ ಸ್ಕ್ರೂ ಕೆಳಗೆ ಕೂರಿಸೋ ಅಭ್ಯಾಸ ತುಂಬಾ ಜನಕ್ಕೆ ಇದೆ, ನೋಡೋಕೆ ತುಂಬಾ ಶಿಸ್ತಾಗಿ ಕಾಣತ್ತೆ. ಆದ್ರೆ ಬೆಸುಗೆ ಲೋಹ ಮೆತ್ತಗೆ, ಸ್ಕ್ರೂ ಒತ್ತಡಕ್ಕೆ ತಿಂಗಳುಗಟ್ಟಲೆ ನಿಧಾನಕ್ಕೆ ಹರಿದು ಸರಿಯತ್ತೆ, ಬಿಗಿಯಾಗಿದ್ದ ಜಾಯಿಂಟ್ ಸಡಿಲ ಆಗತ್ತೆ. ಎಳೆಗಳನ್ನ ಹಾಗೇ ಬಿಟ್ರೂ ಪರವಾಗಿಲ್ಲ, ಬೆಸುಗೆ ಮಾತ್ರ ಬೇಡ. ಪ್ಲಗ್ಗಿನಿಂದ ಒಂದು ಗೇಣು ಹಿಂದೆ ಕೇಬಲ್ಲನ್ನ ಲೇಸಿಂಗ್ ಬಾರಿಗೆ (ವೈರ್ ಕಟ್ಟೋಕೆ ಇರೋ ಅಡ್ಡ ಕಂಬಿ) ಕಟ್ಟಬೇಕು, ಸ್ವಲ್ಪ ಸುತ್ತು ಉಳಿಸಿ. ಮುಂದೆ ಮಿಕ್ಸರ್ ಹೊರಗೆ ಎಳೆಯಬೇಕಾಗಿ ಬರತ್ತೆ, ಆಗ ಯಾವ ವೈರೂ ಬಿಗಿದು ನಿಲ್ಲಬಾರದು. ಲೇಬಲ್ ಎರಡೂ ತುದಿಗೆ. ‘ಮೈಕ್ 1’ ಅಂತ ಬರೆದ್ರೆ ಸಾಲದು, ಯಾವ ಜಾಗದ ಮೈಕ್ ಅನ್ನೋದೂ ಇರಬೇಕು.

ಬ್ಯಾಲೆನ್ಸ್ಡ್ ವೈರಿಂಗ್ ಯಾಕೆ ಅಂತ ಯಾರಾದ್ರೂ ಕೇಳಿದಾಗ ನನಗೆ ಪ್ರತಿ ಸಲ ಹೊಸದಾಗಿ ಖುಷಿ ಆಗತ್ತೆ, ಅಷ್ಟು ಚೆಂದದ ಯೋಚನೆ ಅದು. ಎರಡು ವೈರು ಒಂದಕ್ಕೊಂದು ಹೊಸೆದುಕೊಂಡು ಹೋಗತ್ತೆ, ಇನ್‌ಪುಟ್ ಸರ್ಕ್ಯೂಟ್ ನೋಡೋದು ಎರಡರ ಮಧ್ಯದ ವ್ಯತ್ಯಾಸ ಮಾತ್ರ. ದಾರಿಯಲ್ಲಿ ಟ್ಯೂಬ್‌ಲೈಟ್, ಲಿಫ್ಟ್ ಮೋಟರ್, ಡಿಮ್ಮರ್ ಏನೇ ಗಲಾಟೆ ಸೇರಿಸಿದ್ರೂ ಅದು ಎರಡೂ ವೈರಿಗೆ ಸಮವಾಗಿ ಸೇರತ್ತೆ, ಸಮವಾಗಿ ಸೇರಿದ್ದನ್ನ ಕಳೆದ್ರೆ ಸೊನ್ನೆ. ಇಲ್ಲಿ ಮುಖ್ಯವಾಗಿ ಬೇಕಾಗಿರೋದು ಎರಡೂ ಕಾಲಿನ (ಅಂದ್ರೆ ವೈರಿನ) ಇಂಪೀಡೆನ್ಸ್, ಎಸಿ ಸಿಗ್ನಲ್ಲಿಗೆ ಎದುರಾಗೋ ತಡೆ, ಸಮ ಇರೋದು, ಸಿಗ್ನಲ್ ಸಮ ಇರೋದಲ್ಲ. ಅದಕ್ಕೇ ಒಂದು ಕಾಲಿನ ಸ್ಕ್ರೂ ಸಡಿಲ ಇದ್ರೆ ಸೌಂಡ್ ಬರ್ತಾನೇ ಇರತ್ತೆ, ಆದ್ರೆ ಸಣ್ಣಗಾಗಿ, ಗುಂಯ್ ಅನ್ನೋದನ್ನ ಜೊತೆಗೆ ಹೊತ್ತುಕೊಂಡು ಬರತ್ತೆ.

ಆ ಗುಂಯ್ ಬಗ್ಗೆ ಹೇಳದೆ ಈ ಬರಹ ಮುಂದೆ ಹೋಗಲ್ಲ. ಕರೆಂಟು 50 ಹರ್ಟ್ಸ್ ಇರೋ ಕಡೆ 50 ಮತ್ತು 100 ಹರ್ಟ್ಸಲ್ಲಿ, 60 ಹರ್ಟ್ಸ್ ಇರೋ ಕಡೆ 60 ಮತ್ತು 120ರಲ್ಲಿ ಕೇಳತ್ತೆ. ಎಲ್ಲ ಸರಿ ಇದ್ದ ಸಿಸ್ಟಮ್ಮಿಗೆ ಒಬ್ರು ಬಂದು ಲ್ಯಾಪ್‌ಟಾಪ್ ಚುಚ್ಚುತಾರೆ, ತಕ್ಷಣ ಹಾಲ್ ತುಂಬಾ ಗುಂಯ್. ಚಾರ್ಜರ್ ಕಿತ್ತರೆ ನಿಲ್ಲತ್ತೆ. ಅಷ್ಟರಲ್ಲೇ ಉತ್ತರ ಸಿಕ್ತು ನೋಡಿ. ಲ್ಯಾಪ್‌ಟಾಪಿನ ಅರ್ಥ್ ಚಾರ್ಜರ್ ಮೂಲಕ ಗೋಡೆಯ ಪ್ಲಗ್ಗಿಗೆ, ಮಿಕ್ಸರಿನ ಅರ್ಥ್ ರ‍್ಯಾಕ್ ಮೂಲಕ ಇನ್ನೊಂದು ಪ್ಲಗ್ಗಿಗೆ, ಮಧ್ಯದಲ್ಲಿ ಆಡಿಯೋ ಕೇಬಲ್ಲಿನ ಶೀಲ್ಡ್ ಎರಡನ್ನೂ ಸೇರಿಸಿ ಸುತ್ತು ಪೂರ್ತಿ ಮಾಡಿದೆ. ಎರಡು ಪ್ಲಗ್ಗಿನ ಅರ್ಥ್ ಮಧ್ಯ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರತ್ತೆ, ಆ ವ್ಯತ್ಯಾಸಕ್ಕೆ ಶೀಲ್ಡಿನಲ್ಲಿ ಕರೆಂಟ್ ಹರಿಯತ್ತೆ. ಅನ್‌ಬ್ಯಾಲೆನ್ಸ್ಡ್ ಕೇಬಲ್ಲಿನಲ್ಲಿ ಶೀಲ್ಡೇ ಸಿಗ್ನಲ್ಲಿನ ವಾಪಸ್ ದಾರಿ, ಹಾಗಾಗಿ ಆ ಕರೆಂಟು ಉಂಟುಮಾಡಿದ ಡ್ರಾಪ್ ನೇರ ಸೌಂಡಿಗೆ ಕೂಡಿಕೊಳ್ಳತ್ತೆ.

ಇದಕ್ಕೆ ಮದ್ದು ಆಡಿಯೋ ದಾರಿಯಲ್ಲಿ ಹಾಕೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಸೌಂಡ್ ಮ್ಯಾಗ್ನೆಟಿಕ್ ಆಗಿ ದಾಟಿ ಹೋಗತ್ತೆ, ತಾಮ್ರದ ಸಂಪರ್ಕ ಕಟ್. ಇದಕ್ಕೆ ಬದಲಾಗಿ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕೋದು, ಅರ್ಥ್ ವೈರ್ ಕತ್ತರಿಸಿಬಿಡೋದು, ಈ ಕೆಲಸ ಮಾಡೋರನ್ನ ಕಂಡ್ರೆ ನನಗೆ ನಿಜವಾಗ್ಲೂ ಸಿಟ್ಟು ಬರತ್ತೆ. ಗುಂಯ್ ನಿಲ್ಲತ್ತೆ ಹೌದು. ಮುಂದೊಂದು ದಿನ ಆ ಬಾಕ್ಸಿನೊಳಗೆ ಫೇಸ್ ವೈರ್ ಬಾಡಿಗೆ ತಾಗಿದ್ರೆ ರ‍್ಯಾಕ್ ಮುಟ್ಟಿದವರೋ ಮೈಕ್ ಹಿಡಿದವರೋ ಅರ್ಥಿಂಗ್ ದಾರಿ ಆಗ್ತಾರೆ. ಸೌಂಡಿನ ಯಾವ ಸಮಸ್ಯೆಗೂ ಅದು ಪರಿಹಾರ ಅಲ್ಲ. ಎಲ್ಲಾ ಆಡಿಯೋ ಸಾಮಾನಿಗೂ ಒಂದೇ ಡಿಸ್ಟ್ರಿಬ್ಯೂಷನ್ ಬೋರ್ಡಿಂದ ಕರೆಂಟು ತಗೊಂಡ್ರೆ, ಗೋಡೆ ಮೇಲಿನ ಲ್ಯಾಪ್‌ಟಾಪ್ ಸಾಕೆಟ್ ಪಕ್ಕದ ಪ್ಲಗ್ಗಿಗೂ ಅಲ್ಲಿಂದಲೇ ಎಳೆಸಿದ್ರೆ, ಅರ್ಧ ಗುಂಯ್ ಹುಟ್ಟೋದೇ ಇಲ್ಲ. ಇದನ್ನ ಎಲೆಕ್ಟ್ರಿಷಿಯನ್ ಹತ್ರ ಗೋಡೆ ಕೊರೆಯೋ ಮುಂಚೆನೇ ಕೂತು ಮಾತಾಡಬೇಕು.

ಕೆಲವು ಸಲ ಎಲ್ಲಾ ಬ್ಯಾಲೆನ್ಸ್ಡ್ ಇದ್ದು, ವೈರಿಂಗ್ ಸರಿ ಇದ್ದೂ ಗುಂಯ್ ಬರತ್ತೆ. 1995ರಲ್ಲಿ ನೀಲ್ ಮನ್ಸಿ ಅನ್ನೋರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಜರ್ನಲ್ಲಿನಲ್ಲಿ ಇದರ ಬಗ್ಗೆ ಬರೆದ್ರು, ‘ಪಿನ್ 1 ಪ್ರಾಬ್ಲಂ’ ಅಂತ ಹೆಸರಾಯ್ತು. ಬಾಕ್ಸು ಮಾಡೋರು ಪಿನ್ 1 ಅನ್ನ ಕನೆಕ್ಟರ್ ಹತ್ತಿರವೇ ಲೋಹದ ಬಾಡಿಗೆ ಸೇರಿಸದೆ, ಒಳಗಿನ ಸರ್ಕ್ಯೂಟ್ ಬೋರ್ಡಿನ ಗ್ರೌಂಡಿಗೆ ಸೇರಿಸಿಬಿಟ್ಟರೆ ಶೀಲ್ಡಿನ ಕೊಳಕು ಕರೆಂಟೆಲ್ಲ ಆಂಪ್ಲಿಫೈ ಮಾಡೋ ಸರ್ಕ್ಯೂಟಿನ ಹೊಟ್ಟೆಯೊಳಗೆ ಓಡಾಡತ್ತೆ. ಆಮೇಲೆ 2005ರಲ್ಲಿ ಇದಕ್ಕೇ ಅಂತ ಎಇಎಸ್48 ಸ್ಟ್ಯಾಂಡರ್ಡ್ ಬಂತು, ಶೀಲ್ಡ್ ಮೊದಲು ಬಾಡಿಗೆ ಹೋಗಬೇಕು ಅಂತ. ಅಂಥ ಹಳೇ ಬಾಕ್ಸ್ ಸಿಕ್ಕಾಗ ಲೈನ್ ಲೆವೆಲ್ ಕೇಬಲ್ಲಿನ ಶೀಲ್ಡನ್ನ ಸಿಗ್ನಲ್ ತಗೊಳ್ಳೋ ಕಡೆ ಬಿಚ್ಚಿ, ಕಳಿಸೋ ಕಡೆ ಮಾತ್ರ ಉಳಿಸೋದು ರೂಢಿ. ಹೀಗೆ ಬಿಚ್ಚಿದ್ದನ್ನ ಲೇಬಲ್ಲಿನಲ್ಲಿ ಬರೀಲೇಬೇಕು. ಮತ್ತೆ ಮೈಕ್ ಕೇಬಲ್ಲಿಗೆ ಇದನ್ನ ಮಾಡಬಾರದು, ಯಾಕಂದ್ರೆ ಫ್ಯಾಂಟಮ್ ಪವರ್ ವಾಪಸ್ ಬರೋದು ಆ ಶೀಲ್ಡಿನಲ್ಲೇ.

ಫ್ಯಾಂಟಮ್ ಅಂದ್ರೆ 48 ವೋಲ್ಟ್, 6.8 ಕಿಲೋ ಓಮಿನ ಎರಡು ಸಮ ರೆಸಿಸ್ಟರ್ ಮೂಲಕ ಪಿನ್ 2ಕ್ಕೂ 3ಕ್ಕೂ ಸಮವಾಗಿ ಬರತ್ತೆ. ಎರಡರಲ್ಲೂ ಸಮ ಇರೋದ್ರಿಂದ ಬ್ಯಾಲೆನ್ಸ್ಡ್ ಡೈನಮಿಕ್ ಮೈಕಿಗೆ ಅದು ಇರೋದೇ ತಿಳಿಯಲ್ಲ. ಕಂಡೆನ್ಸರ್ ಗೂಸ್‌ನೆಕ್ (ಬಾಗೋ ಉದ್ದ ಕತ್ತಿನ) ಮೈಕಿಗೆ ಅದಿಲ್ಲದೇ ಉಸಿರಿಲ್ಲ. ಅನ್‌ಬ್ಯಾಲೆನ್ಸ್ಡ್ ಪ್ಲೇಯರನ್ನೋ ಲ್ಯಾಪ್‌ಟಾಪನ್ನೋ ಫ್ಯಾಂಟಮ್ ಆನ್ ಇರೋ ಇನ್‌ಪುಟ್ಟಿಗೆ ನೇರ ಕೊಟ್ರೆ ಅದರ ಔಟ್‌ಪುಟ್ ಸುಟ್ಟುಹೋಗೋ ಅಪಾಯ ಇದೆ. ಕೆಲವು ಮಿಕ್ಸರುಗಳಲ್ಲಿ ಪ್ರತಿ ಚಾನಲ್ಲಿಗೂ ಬೇರೆ ಸ್ವಿಚ್ಚು, ಕೆಲವಲ್ಲಿ ಎಲ್ಲದಕ್ಕೂ ಒಂದೇ. ಒಂದೇ ಇದ್ರೆ ಇನ್‌ಪುಟ್ ಹಂಚೋವಾಗಲೇ ಅದನ್ನ ತಲೇಲಿ ಇಟ್ಕೋಬೇಕು. ಆನ್ ಮಾಡೋವಾಗ, ಆಫ್ ಮಾಡೋವಾಗ ಚಾನಲ್ ಮ್ಯೂಟ್, ಇಲ್ಲಾಂದ್ರೆ ಸ್ಪೀಕರಿಂದ ಧಡ್ ಅಂತ ಹೊಡೆಯತ್ತೆ.

ಸ್ಟೀರಿಯೋ ಪ್ಲೇಯರ್ ಬಗ್ಗೆ ಒಂದು ಮಾತು. ಇಂಥ ಸಿಸ್ಟಮ್ಮುಗಳು ಹೆಚ್ಚಾಗಿ ಮೋನೋ. ಲೆಫ್ಟ್ ಒಂದನ್ನೇ ಕೊಟ್ರೆ ರೈಟಲ್ಲಿರೋ ವಾದ್ಯ ಮಾಯ. ಲೆಫ್ಟ್ ರೈಟ್ ಎರಡನ್ನೂ ವೈ ಕೇಬಲ್ಲಿನಲ್ಲಿ ಒಟ್ಟಿಗೆ ತಿರುಚಿಬಿಟ್ರೆ ಎರಡು ಔಟ್‌ಪುಟ್ ಒಂದನ್ನೊಂದು ಎಳೆದಾಡತ್ತೆ, ಸೌಂಡ್ ಕೆಡತ್ತೆ. ಪ್ರತಿಯೊಂದಕ್ಕೂ ಸರಣಿಯಲ್ಲಿ ಒಂದೊಂದು ರೆಸಿಸ್ಟರ್ ಹಾಕಿ ಸೇರಿಸಬೇಕು, ಇಲ್ಲ ಮಿಕ್ಸರಿನಲ್ಲೇ ಒಳಗೆ ಸೇರಿಸೋ ಆರ್‌ಸಿಎ ಜೋಡಿ ಇದ್ರೆ ಅದನ್ನೇ ಬಳಸೋದು ಒಳ್ಳೇದು.

ಔಟ್‌ಪುಟ್ ಕಡೆ ಹೋದ್ರೆ ಮಿಕ್ಸರಿಂದ ಆಂಪಿಗೆ ಚಿಕ್ಕ ದಾರಿ, ಬ್ಯಾಲೆನ್ಸ್ಡ್ ಕೇಬಲ್, ಅಲ್ಲಿ ತಲೆನೋವು ಕಮ್ಮಿ. ಆಂಪಿಂದ ಆಚೆ 100 ವೋಲ್ಟ್ ಲೈನ್ ಇರತ್ತೆ, ಕೆಲವು ದೇಶಗಳಲ್ಲಿ 70 ವೋಲ್ಟ್. ಸಾಲಾಗಿ ಸೀಲಿಂಗ್ ಸ್ಪೀಕರ್‌ಗಳು, ಪ್ರತಿ ಸ್ಪೀಕರಿಗೂ ಒಂದು ಟ್ರಾನ್ಸ್‌ಫಾರ್ಮರ್, ಅದರಲ್ಲಿ ಆ ಸ್ಪೀಕರ್ ಎಷ್ಟು ವ್ಯಾಟ್ ತಗೋಬೇಕು ಅಂತ ಆರಿಸೋ ಟ್ಯಾಪು. ವೋಲ್ಟೇಜ್ ಜಾಸ್ತಿ ಮಾಡಿ ಕರೆಂಟ್ ಕಮ್ಮಿ ಮಾಡಿದ್ರೆ ಉದ್ದದ ವೈರಿನಲ್ಲಿ ನಷ್ಟ ಕಮ್ಮಿ ಅನ್ನೋ ಅದೇ ಉಪಾಯ, ಹೈ ಟೆನ್ಷನ್ ಲೈನಿನ ಲೆಕ್ಕವೇ ಇಲ್ಲಿ ಸಣ್ಣದಾಗಿ. ಕೂಡಿಸೋದೂ ಸುಲಭ, 10 ವ್ಯಾಟ್ ಟ್ಯಾಪಿನ 20 ಸ್ಪೀಕರ್ ಅಂದ್ರೆ 200 ವ್ಯಾಟ್, 240 ವ್ಯಾಟಿನ ಆಂಪ್ ಆರಾಮಾಗಿ ಎಳೆಯತ್ತೆ, ಸ್ವಲ್ಪ ಉಳಿಕೆನೂ ಇದೆ. ಆದ್ರೆ ಕಾಗದದ ಲೆಕ್ಕ ನಂಬಿ ಆಂಪ್ ಆನ್ ಮಾಡಬಾರದು. ಇಂಪೀಡೆನ್ಸ್ ಮೀಟರ್ ಹಾಕಿ ನೋಡಬೇಕು, 100 ವೋಲ್ಟ್ ಲೈನಲ್ಲಿ 200 ವ್ಯಾಟಿಗೆ 50 ಓಮ್ ಹತ್ತಿರ ಬರಬೇಕು. 8 ಓಮ್ ತೋರಿಸಿದ್ರೆ ಎಲ್ಲೋ ಒಂದು ಸ್ಪೀಕರನ್ನ ಟ್ರಾನ್ಸ್‌ಫಾರ್ಮರ್ ಇಲ್ಲದೇ ನೇರ ಸೇರಿಸಿದ್ದಾರೆ ಅಂತಲೇ ಅರ್ಥ. ಮಾಮೂಲಿ ಮಲ್ಟಿಮೀಟರ್ ಇಲ್ಲಿ ಸಾಲಲ್ಲ, ಅದು ಡಿಸಿ ರೆಸಿಸ್ಟೆನ್ಸ್ ನೋಡತ್ತೆ, ಟ್ರಾನ್ಸ್‌ಫಾರ್ಮರಿನ ಸುತ್ತು ಅದಕ್ಕೆ ಬರೀ ತಾಮ್ರದ ವೈರ್ ಅಷ್ಟೇ. ಇದೇ ಟ್ರಾನ್ಸ್‌ಫಾರ್ಮರ್‌ಗಳು ತುಂಬಾ ಕೆಳಗಿನ ಬೇಸ್ ಫ್ರೀಕ್ವೆನ್ಸಿಗಳಲ್ಲಿ ಸ್ಯಾಚುರೇಟ್ ಆಗಿ ಆಂಪಿಗೆ ಶಾರ್ಟ್ ಥರ ಕಾಣತ್ತೆ, ಅದಕ್ಕೆ ಮಿಕ್ಸರಿನ ಔಟ್‌ಪುಟ್ಟಲ್ಲೋ ಆಂಪಲ್ಲೋ 60-80 ಹರ್ಟ್ಸ್ ಹತ್ತಿರ ಅದಕ್ಕಿಂತ ಕೆಳಗಿನದನ್ನ ಕತ್ತರಿಸೋ ಹೈಪಾಸ್ ಫಿಲ್ಟರ್ ಆನ್ ಇರಲೇಬೇಕು. ಮ್ಯೂಸಿಕ್ಕಿಗೆ ಬೇಸ್ ಕಮ್ಮಿ ಅಂತ ಗೊಣಗೋರು ಇರ್ತಾರೆ, ಇರಲಿ.

ಇಷ್ಟೆಲ್ಲ ಆದ್ಮೇಲೆ ಪ್ರಯಾರಿಟಿ. ಅನೌನ್ಸ್‌ಮೆಂಟ್ ಬಂದಾಗ ಮ್ಯೂಸಿಕ್ ತಾನೇ ತಗ್ಗಬೇಕು, ಇದಕ್ಕೆ ಎರಡು ದಾರಿ. ಪೇಜಿಂಗ್ ಮೈಕಿನ ಬಟನ್ನಿಂದ ಎರಡು ವೈರ್ ತಂದು ಕಾಂಟ್ಯಾಕ್ಟ್ ಕ್ಲೋಷರ್ (ಎರಡು ವೈರು ಸೇರಿದಾಗ ಸೂಚನೆ ಪಡೆಯೋ) ಟರ್ಮಿನಲ್ಲಿಗೆ ಕೊಡೋದು ಒಂದು, ಮಾತಿನ ಲೆವೆಲ್ ನೋಡಿ ಮಿಕ್ಸರೇ ನಿರ್ಧಾರ ಮಾಡೋದು ಇನ್ನೊಂದು. ನಾನು ಯಾವಾಗ್ಲೂ ಬಟನ್ ಪರ. ಲೆವೆಲ್ ನೋಡಿ ನಿರ್ಧಾರ ಮಾಡೋ ಥರ ಇದ್ರೆ ಮೊದಲ ಅಕ್ಷರ ನುಂಗಿಹೋಗತ್ತೆ, ಯಾರೋ ಮೈಕ್ ಪಕ್ಕ ಫೈಲ್ ಇಟ್ಟ ಶಬ್ದಕ್ಕೂ ಹಾಡು ತಗ್ಗತ್ತೆ. ಆದ್ರೆ ಪೋಡಿಯಂ ಮೈಕಿಗೆ ಬಟನ್ ಇರಲ್ವಲ್ಲ, ಅಲ್ಲಿ ಅದನ್ನೇ ಬಳಸಬೇಕು, ಆಗ ರಿಲೀಸ್ ಸಮಯ, ಅಂದ್ರೆ ಮಾತು ನಿಂತ ಎಷ್ಟು ಹೊತ್ತಿಗೆ ಹಾಡು ವಾಪಸ್ ಬರಬೇಕು ಅನ್ನೋದನ್ನ, ಗಮನಿಸಿ ಇಡಬೇಕು. ತೀರ ಕಮ್ಮಿ ಇಟ್ರೆ ಮಾತಾಡೋರು ಎರಡು ವಾಕ್ಯದ ಮಧ್ಯ ಉಸಿರು ತಗೊಂಡಾಗಲೆಲ್ಲ ಹಾಡು ಧುಮ್ಮಿಕ್ಕಿ ಬರತ್ತೆ, ಮತ್ತೆ ಓಡಿಹೋಗತ್ತೆ, ಕೇಳೋರಿಗೆ ಹಿಂಸೆ. ಎರಡು ಮೂರು ಸೆಕೆಂಡ್ ಕೊಟ್ರೆ ಹಾಡು ಸಮಾಧಾನವಾಗಿ ವಾಪಸ್ ಬರತ್ತೆ.

ಫೈರ್ ಅಲಾರಂ ಪ್ಯಾನಲ್ಲಿಂದ ಬರೋ ಮ್ಯೂಟ್ ಸಂಪರ್ಕ ಇದಕ್ಕಿಂತ ಎಷ್ಟೋ ಪಾಲು ಮುಖ್ಯ. ಅಲಾರಂ ಆದ ಕ್ಷಣ ಮ್ಯೂಸಿಕ್ ಪೂರ್ತಿ ನಿಲ್ಲಬೇಕು, ಜನರಿಗೆ ಸೈರನ್ನೋ ಸೂಚನೆಯೋ ಕೇಳಬೇಕು. ಆ ಟರ್ಮಿನಲ್ಲಿಗೆ ವೈರ್ ಕೊಟ್ಟು ಹೋದ್ರೆ ಆಗಲ್ಲ, ಅಲಾರಂ ನೋಡಿಕೊಳ್ಳೋರನ್ನ ಕರೆಸಿ ನಿಜವಾಗಿ ಟ್ರಿಗರ್ ಮಾಡಿಸಿ ನಿಂತು ಕೇಳಬೇಕು. ಮತ್ತೆ ಮಾಮೂಲಿ ರ‍್ಯಾಕ್ ಮಿಕ್ಸರನ್ನೇ ತುರ್ತು ಸೂಚನೆ ಕೊಡೋ ವ್ಯವಸ್ಥೆ ಅಂತ ಅಂದುಕೊಳ್ಳಬಾರದು. ಅದಕ್ಕೆ ಬೇರೆ ಸಾಮಾನು, ಬೇರೆ ನಿಯಮ ಇದೆ, ಯುರೋಪಲ್ಲಿ ವಾಯ್ಸ್ ಅಲಾರಂ ಸಾಮಾನಿಗೆ ಇಎನ್ 54-16 ಅಂತ ಸ್ಟ್ಯಾಂಡರ್ಡೇ ಇದೆ, ವೈರ್ ಕಟ್ ಆದ್ರೂ ತಾನೇ ಕಂಡುಹಿಡಿದು ಹೇಳಬೇಕು ಅನ್ನೋ ಮಟ್ಟದ ಶರತ್ತುಗಳು ಅದರಲ್ಲಿವೆ.

ಗೋಡೆ ಮೇಲಿನ ವಾಲ್ಯೂಮ್ ನಾಬ್ ನೋಡಿ ಸೌಂಡು ಅಲ್ಲಿವರೆಗೂ ಬಂದು ವಾಪಸ್ ಹೋಗತ್ತೆ ಅಂತ ಅಂದುಕೊಂಡಿರೋರು ತುಂಬಾ ಜನ. ಎಷ್ಟೋ ಮಿಕ್ಸರುಗಳಲ್ಲಿ ಅದು ಬರೀ 10 ಕಿಲೋ ಓಮಿನ ಲೀನಿಯರ್ ಪಾಟ್ (ತಿರುಗಿಸೋ ರೆಸಿಸ್ಟರ್), ಅದರಲ್ಲಿ ಓಡೋದು ಡಿಸಿ ಕಂಟ್ರೋಲ್ ವೋಲ್ಟೇಜ್. ಸೌಂಡ್ ರ‍್ಯಾಕ್ ಬಿಟ್ಟು ಆಚೆ ಹೋಗೋದೇ ಇಲ್ಲ. ಆ ನಾಬು ಅತ್ಯಂತ ಮೇಲೆ ಎಲ್ಲಿವರೆಗೆ ಹೋಗಬಹುದು ಅನ್ನೋದನ್ನ ಹಿಂದಿನ ಟ್ರಿಮ್ಮಲ್ಲಿ ಕಟ್ಟಿಹಾಕಿದ್ರೆ, ಅಲ್ಲಿ ಕೆಲಸ ಮಾಡೋರು ನಾಬ್ ಪೂರ್ತಿ ತಿರುಗಿಸಿದ್ರೂ ಸ್ಪೀಕರ್ ಒಡೆಯಲ್ಲ, ಮೈಕ್ ಕೂಗಲ್ಲ. ಅವರಿಗೆ ಬೈಯೋ ಪ್ರಸಂಗವೇ ಬರಬಾರದು.

ಗೇನ್ ಸೆಟ್ ಮಾಡೋದು ಕೊನೆಗೆ, ಆತುರ ಇಲ್ಲದೆ. ಆಂಪಿನ ನಾಬ್ ಪೂರ್ತಿ ಕೆಳಗೆ ಇಟ್ಟು, ಒಬ್ಬರನ್ನ ಮೈಕ್ ಮುಂದೆ ನಿಲ್ಲಿಸಿ ಮಾತಾಡಿಸ್ತೀನಿ. ‘ಹಲೋ ಹಲೋ ಮೈಕ್ ಟೆಸ್ಟಿಂಗ್’ ಅನ್ನಿಸಿದ್ರೆ ಪ್ರಯೋಜನ ಇಲ್ಲ, ಆ ಎರಡು ಪದವನ್ನ ಎಲ್ಲರೂ ಜೋರಾಗೇ ಹೇಳ್ತಾರೆ. ಯಾವುದಾದ್ರೂ ಪುಟ ಓದಿಸಿ, ನಾಲ್ಕು ಸಾಲು ಆದ್ಮೇಲೆ ದನಿ ತಾನೇ ಸಹಜಕ್ಕೆ ಇಳಿಯತ್ತೆ, ಆಗಿನದ್ದೇ ನಿಜವಾದ ಲೆವೆಲ್. ಮೀಟರ್ ಸೊನ್ನೆ ಸುತ್ತ ಆಡೋ ಹಾಗೆ ಇನ್‌ಪುಟ್ ಗೇನ್, ಚಾನಲ್ ಮತ್ತು ಮಾಸ್ಟರ್ ಯೂನಿಟಿ (ಹಿಗ್ಗಿಸೋದೂ ಇಲ್ಲ, ತಗ್ಗಿಸೋದೂ ಇಲ್ಲ) ಗುರುತಲ್ಲಿ. ಮಿಕ್ಸರಿನ ಸೊನ್ನೆ ಪ್ಲಸ್ 4 ಡಿಬಿಯು ಆಗಿದ್ದು ಅದು ಕ್ಲಿಪ್ ಆಗೋದು ಪ್ಲಸ್ 20 ಹತ್ತಿರ ಅಂದ್ರೆ 16 ಡಿಬಿ ಜಾಗ ಉಳೀತು, ಯಾರಾದ್ರೂ ಜೋರಾಗಿ ನಕ್ಕರೂ ಕೂಗಿದ್ರೂ ಒಡೆಯಲ್ಲ. ಆಮೇಲೆ ಆಂಪಿನ ನಾಬನ್ನ ನಿಧಾನಕ್ಕೆ ಏರಿಸಿ, ಕೊನೆ ಸಾಲಲ್ಲಿ ಕೂತು ಕೇಳಿ, ಸಾಕು ಅನ್ನಿಸಿದಲ್ಲಿ ನಿಲ್ಲಿಸೋದು. ಎಷ್ಟೋ ಕಡೆ ಉಲ್ಟಾ ಮಾಡಿರ್ತಾರೆ, ಆಂಪ್ ಪೂರ್ತಿ ಮೇಲೆ, ಮಿಕ್ಸರ್ ಕೆಳಗೆ, ಆಮೇಲೆ ಮ್ಯೂಸಿಕ್ ನಿಂತಾಗಲೆಲ್ಲ ಸೀಲಿಂಗಿಂದ ಸದಾ ಬುಸ್ ಅಂತ ಸುರೀತಿರತ್ತೆ.

ಮೈಕ್ ಜಾಸ್ತಿ ಇದ್ರೆ ಇನ್ನೊಂದು ಲೆಕ್ಕ ಬರತ್ತೆ. ತೆರೆದಿರೋ ಮೈಕುಗಳ ಸಂಖ್ಯೆ ಎರಡು ಪಟ್ಟು ಆದಾಗಲೆಲ್ಲ ಕೂಗೋ ಮುಂಚೆ ಸಿಗೋ ಗೇನು 3 ಡಿಬಿ ಕಮ್ಮಿ. ಒಂದು ಮೈಕಿಗೆ ಹೋಲಿಸಿದ್ರೆ ಎಂಟು ಮೈಕ್ ತೆರೆದಿಟ್ಟಾಗ 9 ಡಿಬಿ ಹೋಯ್ತು. ಮೀಟಿಂಗ್ ಹಾಲಲ್ಲಿ ಒಬ್ಬೊಬ್ಬರ ಮುಂದೂ ಒಂದು ಮೈಕ್ ಇಟ್ಟು ಎಲ್ಲಾ ಆನ್ ಇಟ್ರೆ ಯಾರ ಮಾತೂ ಸ್ಪಷ್ಟ ಕೇಳದೇ ಇರೋದು ಇದಕ್ಕೇ. ಅಮೆರಿಕದ ಡ್ಯಾನ್ ಡೂಗನ್ 1970ರ ದಶಕದಲ್ಲಿ ಇದಕ್ಕೆ ಆಟೋಮ್ಯಾಟಿಕ್ ಮಿಕ್ಸರ್ ಮಾಡಿದ್ರು, ಗೇನ್ ಶೇರಿಂಗ್ ಅನ್ನೋ ರೀತಿ. ಯಾರು ಮಾತಾಡ್ತಾರೋ ಅವರಿಗೆ ಗೇನಿನ ದೊಡ್ಡ ಪಾಲು, ಉಳಿದವರಿಗೆ ಚೂರು ಚೂರು, ಆದ್ರೆ ಎಲ್ಲಾ ಸೇರಿದ್ರೆ ಒಂದು ಮೈಕಿನಷ್ಟೇ. ಆನ್-ಆಫ್ ಮಾಡೋ ಗೇಟಿನ ಥರ ಪದ ಕತ್ತರಿಸಲ್ಲ, ಅದಕ್ಕೇ ಅದರ ಬಗ್ಗೆ ನನಗೆ ಅಷ್ಟು ಅಭಿಮಾನ. ಮೆಲ್ಲಗೆ ಮಾತಾಡೋರಿಗೂ ಅಲ್ಲಿ ಜಾಗ ಸಿಗತ್ತೆ. ನಿಮ್ಮ ಮಿಕ್ಸರಲ್ಲಿ ಅದು ಇದ್ರೆ ಸಂಗೀತದ ಚಾನಲ್ ಬಿಟ್ಟು ಮಾತಿನ ಚಾನಲ್ಲುಗಳಿಗೆ ಮಾತ್ರ ಆನ್ ಮಾಡಿ. ಮಾತಿನ ಚಾನಲ್ಲುಗಳಲ್ಲಿ 100-120 ಹರ್ಟ್ಸಿಂದ ಕೆಳಗೆ ಕತ್ತರಿಸಿ, ಮೇಜು ತಟ್ಟಿದ್ದು, ಎಸಿ ಗುಡುಗು ಎಲ್ಲ ಅಲ್ಲೇ ನಿಲ್ಲತ್ತೆ.

ಎಲ್ಲ ಮುಗಿದು ಒಪ್ಪಿಸೋ ದಿನ ನಾನು ಸಿಸ್ಟಮ್ ಮುಟ್ಟೋದಿಲ್ಲ. ಅದನ್ನ ದಿನಾ ಬಳಸೋರು, ರಿಸೆಪ್ಶನ್ನಲ್ಲಿ ಕೂರೋರು, ಹಾಲ್ ನೋಡ್ಕೊಳ್ಳೋರು, ಅವರ ಕೈಯಲ್ಲೇ ಆನ್ ಮಾಡಿಸ್ತೀನಿ. ಮೊದಲು ಮಿಕ್ಸರ್ ಮತ್ತೆ ಸಣ್ಣ ಸಾಮಾನು, ಕೊನೆಗೆ ಆಂಪ್. ಆಫ್ ಮಾಡೋವಾಗ ಮೊದಲು ಆಂಪ್. ಇದೇ ಕ್ರಮದಲ್ಲಿ ತಾನೇ ಆನ್-ಆಫ್ ಮಾಡೋ ಪವರ್ ಸೀಕ್ವೆನ್ಸರ್ ಇದ್ರೆ ಒಂದೇ ಸ್ವಿಚ್ಚು, ಅದೇ ವಾಸಿ. ಅವರೇ ಅನೌನ್ಸ್ ಮಾಡಲಿ, ಅವರೇ ಮೈಕ್ ಕಿತ್ತು ಹಾಕಲಿ, ಯಾವ ನಾಬಿಗೆ ಅವರ ಕೈ ಹೋಗತ್ತೆ ಅಂತ ಪಕ್ಕದಲ್ಲಿ ನಿಂತು ನೋಡ್ತೀನಿ. ಅವರ ಕೈ ಹೋಗಬಾರದ ನಾಬಿಗೆ ಹೋದ್ರೆ ಅಲ್ಲಿಗೆ ಒಂದು ಸೆಕ್ಯೂರಿಟಿ ಕವರ್ ಬೇಕು ಅಂತ ಅರ್ಥ, ಅವರಿಗೆ ಪಾಠ ಬೇಕು ಅಂತಲ್ಲ. ಆಮೇಲೆ ಆ ಮೊದಲಿನ ಹಾಳೆಯನ್ನ ತಿದ್ದಿ, ಯಾವ ಇನ್‌ಪುಟ್ಟಿಗೆ ಏನು, ಫ್ಯಾಂಟಮ್ ಎಲ್ಲೆಲ್ಲಿ ಆನ್, ಯಾವ ಶೀಲ್ಡ್ ಯಾವ ಕಡೆ ಬಿಚ್ಚಿದೆ, ಪ್ರತಿ ಟ್ರಿಮ್ ಎಲ್ಲಿದೆ, ಪ್ರತಿ ಲೈನಿನ ಇಂಪೀಡೆನ್ಸ್ ಎಷ್ಟು ಬಂತು, ಯಾವ ತಾರೀಕು, ಇಷ್ಟನ್ನೂ ಬರೆದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ರ‍್ಯಾಕಿನ ಬಾಗಿಲ ಒಳಗಡೆ ಅಂಟಿಸ್ತೀನಿ. ಜೊತೆಗೆ ಹಿಂದಿನ ಪ್ಯಾನಲ್ಲಿನ ಒಂದು ಫೋಟೋ ಪ್ರಿಂಟು ಮತ್ತೆ ಎರಡು ಖಾಲಿ ಯೂರೋಬ್ಲಾಕ್ ಪ್ಲಗ್ಗು. ಮುಂದೆ ರಿಪೇರಿಗೆ ಬರೋರಿಗೆ ಮೊದಲು ಹುಡುಕಬೇಕಾಗೋದು ಅವೇ.